ಹಾಡುಗಾರ್ತಿ ಸಿಗಲಿಲ್ಲ

ನ್ಯಾಮತಿ
11 ಜೂನ್ 2024

ಅನ್ನೀ,

ನಿನ್ನ ಹಳೇ ನಂಬರಿಗೆ ಫೋನ್ ಹಚ್ಚಿದರೆ ಹರಿಹರದ ಯಾರೋ ಗಂಡಸು ಎತ್ತಿ, ‘ಎಷ್ಟು ಸಲ ಹೇಳೋದಮ್ಮ, ಅನ್ನಪೂರ್ಣ ಅನ್ನೋರು ಇಲ್ಲಿಲ್ಲ’ ಅಂದ. ಅಂದರೆ ನನಗಿಂತ ಮೊದಲೇ ಯಾರೋ ನಿನ್ನ ಹುಡುಕಿದಾರೆ. ಮೇಲ್ ಕಳಿಸಿದೆ, ಉತ್ತರ ಬರಲಿಲ್ಲ. ಬಿಳಿಚೋಡಿನ ವಿಳಾಸ ಮಾತ್ರ ಬಾಯಿಪಾಠ ಇತ್ತು, ಅದಕ್ಕೇ ಕಾಗದ. ಪೋಸ್ಟಾಫೀಸಲ್ಲಿ ಇನ್‌ಲ್ಯಾಂಡ್ ಲೆಟರ್ ಕೇಳಿದರೆ ಕೌಂಟರ್‌ನ ಆಯಮ್ಮ ನನ್ನ ಮುಖ ನೋಡಿ ನಕ್ಕಳು.

ಹೊನ್ನಾಳಿಯಲ್ಲಿ ಮುರುಗೇಶಪ್ಪ ಮೇಷ್ಟ್ರ ಮನೇಲಿ ನಮ್ಮ ಹಾಡಿನ ಬಳಗದ ಸಭೆ ಮುಗಿಸಿ ನೀನು ಬಸ್ ಹತ್ತಿ ಎರಡು ವರ್ಷ ಆಯ್ತು. ಆ ಸಭೆ ಮಾತು ಈಗ ಬೇಡ. ಕೆಲಸದ ಮಾತಿಗೇ ಬರ್ತೀನಿ.

ನಮ್ಮ ಹಾಡಿನ ಲೈನ್ ಕೆಟ್ಟೈತೆ. ನೀನು ಬರೆದ ಪ್ರೋಗ್ರಾಮನ್ನ ಹೊರಗಿನವರಿಗೆ ಕೊಟ್ಟು ಬೇರೆ ಬೇರೆ ಮಾಡ್ಯೂಲ್ ಆಗಿ ಒಡೆಸೋದು ಅಂತ ಅವತ್ತು ತೀರ್ಮಾನ ಆಗಿತ್ತಲ್ಲ, ಅದು ಮುಗಿದು ಏಪ್ರಿಲ್‌ನಲ್ಲಿ ಹೊಸ ಲೈನ್ ಶುರುವಾಯ್ತು. ಫೋನ್ ಮಾಡಿ ಊರಿನ ಹೆಸರು ಹೇಳಿದರೆ ಆ ಊರಿನ ಹೆಂಗಸರ ಹಾಡು ಕೇಳಿಸಬೇಕು, ಮೊದಲಿನಂಗೇ. ಈಚೆಗೆ ತಂದ ಹಾಡು ಕೇಳಿಸ್ತವೆ. ನಾವಿಬ್ಬರೂ ಊರೂರು ತಿರುಗಿ ತಂದವು ಒಂದೂ ಇಲ್ಲ. ಗಾಳಿ ಬೀಸಿದಂಗೆ ಸದ್ದಾಗಿ ಲೈನ್ ಕಟ್ ಆಗ್ತದೆ.

ಪರದೆ ಮೇಲೆ ಬರೋದು ಇಷ್ಟು: ‘ಹಾಡುಗಾರ್ತಿ’ ಅನ್ನೋ ಕ್ಲಾಸ್ ಸಿಗಲಿಲ್ಲ.

ಹಾಡು, ಹಾಡಿದವರ ವಿವರ ತುಂಬಿಡೋ ಆ ಅಚ್ಚಿಗೆ ಚನ್ನಗಿರಿಯಲ್ಲಿ ಹಿಟ್ಟಿನ ಗಿರಣಿ ಮೇಲಿನ ರೂಮಲ್ಲಿ ಹೆಸರು ಇಟ್ಟಿದ್ದು ನೆನಪೈತಾ? ನೀನು ‘ಸಿಂಗರ್’ ಅಂತ ಬರೆದಿದ್ದೆ. ನಮ್ಮ ಅಜ್ಜಿಯರು ಹೊಲಿಗೆ ಮಷಿನ್ ಅಂದ್ಕೊಂತಾರೆ ಅಂತ ಜಗಳ ಮಾಡಿ ಬದಲಾಯಿಸಿದವಳು ನಾನು. ಆಮೇಲೆ ಇಬ್ಬರೂ ನಕ್ಕಿದ್ದೇ ನಕ್ಕಿದ್ದು. ಕೀಬೋರ್ಡ್ ತುಂಬಾ ರಾಗಿ ಹಿಟ್ಟು.

ಹೊರಗಿನವರು ಕೆಲಸ ಒಪ್ಪಿಸಿ ಹೋದರು. ಹಳೇ ಹಾಡು ನಮ್ಮ ಜವಾಬ್ದಾರಿ ಅಲ್ಲ ಅಂತಾರೆ. ದೀಪಾವಳಿ ಹೊತ್ತಿಗೆ ಸರಿಹೋಗದಿದ್ದರೆ ಹಳೇವನ್ನ ಅಳಿಸಿ ಹೊಸದಾಗಿ ರೆಕಾರ್ಡ್ ಮಾಡೋಣ ಅಂತ ಬಳಗದವರ ಮಾತು. ಯಾರ ಹತ್ರ ಮಾಡೋದು? ಸವಳಂಗದ ಅಜ್ಜಿಯರು ಹೋಗಿಬಿಟ್ಟರು. ಮೇಷ್ಟ್ರು ದಿನಾ ಬೆಳಿಗ್ಗೆ ಹೊನ್ನಾಳಿಯಿಂದ ಲೈನಿಗೆ ಫೋನ್ ಹಚ್ಚಿ ನೋಡ್ತಾರೆ. ಬೈಯಲ್ಲ, ಸುಮ್ಮನೆ ಇಡ್ತಾರೆ.

ನಿಮ್ಮವ್ವನ ಹಾಡೂ ಅದರಲ್ಲೇ ಐತೆ. ಅವ್ವ ಹೆಂಗಿದಾರೆ?

ನಿನ್ನ ದಾರಿ ನೋಡೋ
ರಮ್ಯಿ

~

ಬಿಳಿಚೋಡು
20 ಜುಲೈ 2024

ರಮ್ಯಶ್ರೀ,

ಕಾಗದ ಬಂತು. ಉತ್ತರ ಬರೆಯಲು ತಡವಾಯಿತು.

ನೀನು ಬರೆದಿರುವುದು ಮೊದಲ ಸಾಲು ಮಾತ್ರ. ತಪ್ಪಿನ ಸಂದೇಶವನ್ನು ಯಾವತ್ತೂ ಕೆಳಗಿನಿಂದ ಓದಬೇಕು, ಕಾರಣ ಇರುವುದು ತಳದಲ್ಲಿ. ಮೇಲಿನಿಂದ ಕೊನೆಯವರೆಗೆ ಪೂರ್ತಿ ಬರೆದು ಕಳಿಸು. ನಡುವೆ ಬಿಡಬೇಡ.

ಇನ್ನೊಂದು. ಹಾಡುಗಾರ್ತಿ ಕ್ಲಾಸ್ ಇರುವ ಜಾರ್ ಫೈಲ್ ಹೊಸ ವ್ಯವಸ್ಥೆಯಲ್ಲಿ ಎಲ್ಲೆಲ್ಲಿ ಇದೆ ಎಂದು ಹುಡುಕು. ಇದೆಯೋ ಇಲ್ಲವೋ ಎಂದಲ್ಲ, ಎಲ್ಲೆಲ್ಲಿ ಇದೆ ಎಂದು.

ಫೋನ್ ಬೇಡ. ಬರೆದರೆ ಓದುತ್ತೇನೆ.

ಅನ್ನಪೂರ್ಣ

~

ನ್ಯಾಮತಿ
29 ಜುಲೈ 2024

ಅನ್ನೀ,

ಪೂರ್ತಿ ಬರೆದಿದೀನಿ, ನಾಲ್ಕು ಹಾಳೆ. ಪ್ರಿಂಟ್ ತೆಗೆಯಬಹುದಿತ್ತು. ಕೈಯಲ್ಲೇ ಬರೆಯೋಣ ಅನಿಸ್ತು. ನೀನು ಇಂಥ ಸಂದೇಶ ಬಂದಾಗ ಪುರಾಣ ಓದೋರ ತರ ರಾಗವಾಗಿ ಓದ್ತಿದ್ದೆ, ಕೆಳಗೆ ಗಿರಣಿ ತಿಪ್ಪೇಶಪ್ಪ ‘ಯಾರ ಮನೇಲಿ ಪೂಜೆ ಐತ್ರೀ?’ ಅಂತ ಕೂಗ್ತಿದ್ದ. ಬರೀತಾ ಬರೀತಾ ನಿನ್ನ ದನಿಯಲ್ಲೇ ಕೇಳಿಸ್ತು.

ತಳದ ಸಾಲು ನೋಡು: ‘ಉಗ್ರಾಣ’ ಮಾಡ್ಯೂಲಿಗೆ ಹಾಡುಗಾರ್ತಿ ಸಿಗಲಿಲ್ಲ ಅಂತೈತೆ. ಹಾಡುಗಳನ್ನ ಇಟ್ಟು ತೆಗೆಯೋದು ಉಗ್ರಾಣದ ಕೆಲಸ. ಹಾಡನ್ನ ಫೋನಿಗೆ ಕಳಿಸೋದು ‘ಕಂಠ’ ಅಂತ ಇನ್ನೊಂದು ಮಾಡ್ಯೂಲ್. ನಿನ್ನ ಜಾರ್ ಮೊದಲು ಕಂಠದಲ್ಲಿ ಮಾತ್ರ ಇತ್ತು. ಸಿಗಲಿಲ್ಲ ಅಂತ ಬಂತಲ್ಲ, ನಾನು ಅದನ್ನ ಉಗ್ರಾಣಕ್ಕೂ ಹಾಕಿದೆ, ಕಂಡ ಕಂಡ ಕಡೆ ಹಾಕಿದೆ. ಆಗ ಸಂದೇಶ ಬದಲಾಯ್ತು. ಈಗ ಏನು ಹೇಳ್ತದೆ ಗೊತ್ತಾ? ‘ಹಾಡುಗಾರ್ತಿಯನ್ನು ಹಾಡುಗಾರ್ತಿ ಎಂದು ಒಪ್ಪಲಾಗದು.’

ಮೊದಲು ನಗು ಬಂತು. ಆಮೇಲೆ ಯಾಕೋ ನಗು ನಿಂತುಹೋಯ್ತು.

ಬಿಳಿಚೋಡಿಗೆ ಮೊದಲ ಸಲ ಬಂದಿದ್ದು ನೆನಪಾಗ್ತದೆ. ನಮ್ಮ ಮೊಟ್ಟಮೊದಲ ರೆಕಾರ್ಡಿಂಗ್. ಅವ್ವ ಜಗಲಿ ಮೇಲೆ ಕೂತು, ‘ಕೈ ತಿರುಗದೆ ಬಾಯಿ ತಿರುಗಲ್ಲ ಕಣ್ರೇ’ ಅಂದು ಅಟ್ಟದಿಂದ ಬೀಸೋ ಕಲ್ಲು ಇಳಿಸಿದರು. ನನ್ನ ಕೈಗೂ ಗೂಟ ಕೊಟ್ಟರು. ನಿನ್ನ ಸೋದರತ್ತೆ ಕಲ್ಲಮ್ಮ ಎದುರಿಗೆ ಕೂತು ನವಣೆ ಆರಿಸ್ತಾ, ನಾನು ಬೀಸೋದು ನೋಡಿ ಬಾಯಿಗೆ ಸೆರಗು ಇಟ್ಕೊಂಡಿದ್ದರು. ನನ್ನ ಅಂಗೈ ಬೊಬ್ಬೆ ಎದ್ದಿತ್ತು. ಆದರೆ ಅವ್ವನ ಹಾಡು!

ಮುಂಗೋಳಿ ಕೂಗ್ಯಾವೆ ಮುಕ್ಕು ಹಾಕೆ ತಂಗಿ
ಅಂಗಳಕೆ ಬಂದಾನೆ ನಮ್ಮಣ್ಣ – ಅವನ ಬುತ್ತಿಗೆ
ಬಂಗಾರದ ನವಣೆ ಬೀಸೇವು

ಮುಂದಿನದು ನನಗೆ ಬರಲ್ಲ. ಹಳೇದು ಸಿಗದೇ ಹೋದರೂ ಅವ್ವನ ಹಾಡೊಂದನ್ನ ಮತ್ತೆ ತುಂಬಿಕೊಳ್ಳಬಹುದು. ನಾನೇ ರೆಕಾರ್ಡರ್ ತಗೊಂಡು ಬರ್ತೀನಿ. ಬರೋ ಸೋಮವಾರ ರಜೆ ಐತೆ. ಏನಂತೀ?

ರಮ್ಯಿ

~

ಬಿಳಿಚೋಡು
2 ಆಗಸ್ಟ್ 2024

ರಮ್ಯಶ್ರೀ,

ರೆಕಾರ್ಡ್ ಮಾಡಲು ಬರಬೇಡ. ಈ ಕಾಗದ ಸೋಮವಾರದೊಳಗೆ ತಲುಪಲಿ ಎಂದು ಜಗಳೂರಿಗೇ ಹೋಗಿ ಸ್ಪೀಡ್ ಪೋಸ್ಟ್ ಮಾಡುತ್ತಿದ್ದೇನೆ.

ಇನ್ನು ಕೆಲಸದ ಮಾತು. ತಪ್ಪು ಎಲ್ಲಿದೆ ಎಂದು ಗೊತ್ತಾಯಿತು.

ಮೊದಲು ನಮ್ಮದು ಒಂದೇ ದೊಡ್ಡ ಮನೆ, ಒಂದೇ ಅಟ್ಟ. ಯಾವ ಕ್ಲಾಸ್ ಬೇಕೆಂದರೂ ಒಬ್ಬನೇ ಅಟ್ಟ ಹತ್ತಿ ತಂದುಕೊಡುತ್ತಿದ್ದ. ಅವನೇ ಕ್ಲಾಸ್ ಲೋಡರ್. ಈಗ ಮನೆ ಪಾಲಾಗಿದೆ. ಒಂದೊಂದು ಮಾಡ್ಯೂಲಿಗೆ ಒಂದೊಂದು ಅಟ್ಟ, ಒಬ್ಬೊಬ್ಬ ಲೋಡರ್. ಒಬ್ಬನಿಗೆ ಇನ್ನೊಬ್ಬನ ಅಟ್ಟ ಕಾಣುವುದಿಲ್ಲ. ಹಾಡು, ಹಾಡಿದವರ ಹೆಸರು, ಊರು ಎಲ್ಲವನ್ನೂ ನಾನು ಹಾಡುಗಾರ್ತಿ ಕ್ಲಾಸಿನಲ್ಲಿ ಗಂಟು ಕಟ್ಟಿ ಇಟ್ಟಿದ್ದೆ. ಗಂಟು ಬಿಚ್ಚುವವನು ಉಗ್ರಾಣದವನು. ಅವನು ಕೇಳುವುದು ತನ್ನ ಅಟ್ಟದವನನ್ನು. ಕ್ಲಾಸ್ ಇರುವುದು ಕಂಠದ ಅಟ್ಟದಲ್ಲಿ. ಅದಕ್ಕೇ ‘ಸಿಗಲಿಲ್ಲ’.

ನೀನು ಎಲ್ಲ ಅಟ್ಟದಲ್ಲೂ ಒಂದೊಂದು ಪ್ರತಿ ಇಟ್ಟೆ. ಆಗ ಉಗ್ರಾಣದವನು ತನ್ನ ಪ್ರತಿಯಿಂದ ಬಿಚ್ಚಿ ಕಂಠಕ್ಕೆ ಕೊಟ್ಟ. ಕಂಠ ತನ್ನ ಪ್ರತಿಯ ಜೊತೆ ಹೋಲಿಸಿ, ಇವಳು ನನ್ನವಳಲ್ಲ ಎಂದಿತು. ಯಂತ್ರದ ಲೆಕ್ಕದಲ್ಲಿ ಹೆಸರೊಂದೇ ಗುರುತಲ್ಲ. ಯಾರು ತಂದರು ಎನ್ನುವುದೂ ಸೇರಿದರೆ ಗುರುತು.

ಹೀಗೆ ಮಾಡು. ಕಂಠದಲ್ಲಿರುವುದನ್ನು ಬಿಟ್ಟು ಉಳಿದ ಪ್ರತಿಗಳನ್ನೆಲ್ಲ ತೆಗೆ. ಗಂಟು ಬಿಚ್ಚುವಾಗ ಕಂಠದ ಲೋಡರನ್ನು ಕೇಳು ಎಂದು ಉಗ್ರಾಣಕ್ಕೆ ಹೇಳಬೇಕು. ಅದಕ್ಕೆ ಬೇಕಾದ ಸಾಲುಗಳನ್ನು ಹಾಳೆಯ ಹಿಂದೆ ಬರೆದಿದ್ದೇನೆ. ಕಂಪ್ಯೂಟರ್ ಇಲ್ಲದೆ ಬರೆದದ್ದು, ಚುಕ್ಕಿ ಕಂಸ ನೋಡಿಕೊ.

ತಿಪ್ಪೇಶಪ್ಪನ ಗಿರಣಿ ಇನ್ನೂ ಇದೆಯಾ?

ಅನ್ನಪೂರ್ಣ

~

ನ್ಯಾಮತಿ
2 ಸೆಪ್ಟೆಂಬರ್ 2024

ಅನ್ನೀ,

ಬಂದವು ಕಣೆ!

ಒಂದು ಕಂಸ ಬಿಟ್ಟಿದ್ದೆ ನೀನು. ಅದನ್ನ ನಾನು ಕಂಡುಹಿಡಿದೆ, ನನಗೆ ಅಷ್ಟು ಬರ್ತದೆ ಅಂತ ನೀನು ಅಂದ್ಕೊಂಡಿರಲ್ಲ. ಸವಳಂಗದ ಹಾಡು ಮೊದಲು ಬಂತು. ಕೆರೆ ಏರಿ ಮೇಲೆ ರೆಕಾರ್ಡ್ ಮಾಡಿದ್ದಲ್ಲ, ನಡುವೆ ಶಿವಮೊಗ್ಗದ ಬಸ್ ಹಾರನ್ ಹೊಡೀತದೆ, ನೀನು ‘ಥೂ ಇವನ’ ಅಂತೀಯ. ಆ ‘ಥೂ’ ಕೂಡ ಬಂದೈತೆ! ಮೇಷ್ಟ್ರಿಗೆ ಫೋನ್ ಮಾಡಿ ಕೇಳಿಸಿದೆ. ಹಾಡು ಮುಗಿದರೂ ಫೋನ್ ಇಡಲಿಲ್ಲ. ‘ಸಾರ್, ಕೇಳಿಸ್ತಾ?’ ಅಂದೆ. ‘ಅನ್ನಪೂರ್ಣ ಮಾಡಿದ್ದಾ?’ ಅಂದರು. ಹೂಂ ಅಂದೆ. ‘ಅವತ್ತು ಆ ಹುಡುಗಿ ಊಟ ಮಾಡದೆ ಹೋಯ್ತು’ ಅಂದರು. ಅಷ್ಟೇ.

ಗಿರಣಿ ಐತೆ, ತಿಪ್ಪೇಶಪ್ಪ ಮಗನಿಗೆ ಬಿಟ್ಟುಕೊಟ್ಟಿದಾನೆ. ನಮ್ಮ ರೂಮಲ್ಲಿ ಈಗ ಮೆಣಸಿನಕಾಯಿ ಮೂಟೆ. ಹೋದ ಶನಿವಾರ ಚನ್ನಗಿರಿಗೆ ಹೋದಾಗ ಮೆಟ್ಟಿಲು ಹತ್ತಿ ನೋಡಿದೆ, ಸೀನಿ ಸೀನಿ ಇಳಿದೆ. ಕೆಳಗೆ ಬಂದು ಮಂಡಕ್ಕಿ ಮೆಣಸಿನಕಾಯಿ ತಗೊಂಡೆ. ಮರೆತು ಎರಡು ಪೊಟ್ಟಣ ಹೇಳಿಬಿಟ್ಟಿದ್ದೆ.

ಆದರೆ ಕೆಲವು ಇನ್ನೂ ಬರ್ತಿಲ್ಲ. ಎಲ್ಲವೂ ಮೊದಲ ವರ್ಷದವು, ನಾವು ಚನ್ನಗಿರಿಯಲ್ಲಿ ಇದ್ದಾಗಿನವು. ಅವು ಹಾಡುಗಾರ್ತಿಯನ್ನ ಬೇರೆ ಹೆಸರಿಂದ ಕೇಳ್ತವೆ, ಮುಂದೆ ‘ಚನ್ನಗಿರಿ’ ಅಂತ ಸೇರಿಸಿ. ನಾನು ಕ್ಲಾಸಿಗೆ ಆ ಹೆಸರು ಕೊಟ್ಟು ನೋಡಿದೆ. ಆಗ ಇನ್ನೊಂದು ತಕರಾರು: ಹಾಡಿನಲ್ಲಿರೋ ಸಂಖ್ಯೆಗೂ ಕ್ಲಾಸಿನ ಸಂಖ್ಯೆಗೂ ಹೊಂದಾಣಿಕೆ ಇಲ್ಲ ಅಂತ. ಎರಡೂ ಸಂಖ್ಯೆ ಬೇರೆ ಚೀಟಿಯಲ್ಲಿ ಬರೆದು ಇದರ ಜೊತೆ ಇಟ್ಟಿದೀನಿ, ರೈಲಿನಷ್ಟು ಉದ್ದ ಅವೆ.

ಬಾರದೆ ಉಳಿದವರಲ್ಲಿ ಅವ್ವನೂ ಒಬ್ಬರು.

ರೆಕಾರ್ಡ್ ಮಾಡಾಕೆ ಬರಬೇಡ ಅಂದಿ. ಯಾಕೆ ಅಂತ ಕೇಳಲ್ಲ. ಆದರೆ ಅವ್ವ ಹೆಂಗಿದಾರೆ ಅಂತ ಮೊದಲ ಕಾಗದದಲ್ಲೇ ಕೇಳಿದ್ದೆ.

ರಮ್ಯಿ

~

ಬಿಳಿಚೋಡು
14 ಸೆಪ್ಟೆಂಬರ್ 2024

ರಮ್ಯಾ,

ಮೊದಲು ಹಾಡಿನ ಮಾತು ಮುಗಿಸುತ್ತೇನೆ, ಆಮೇಲೆ ಅವ್ವನದು.

ಚನ್ನಗಿರಿ ಬಿಟ್ಟು ನ್ಯಾಮತಿಗೆ ಬಂದಾಗ ನಾನು ಕ್ಲಾಸಿನ ಹೆಸರಿನ ಮುಂದೆ ಊರು ಬದಲಾಯಿಸಿದೆ. ಒಳಗೂ ಒಂದೆರಡು ತಿದ್ದಿದೆ, ತಿದ್ದಿದರೆ ಕ್ಲಾಸಿನ ಸಂಖ್ಯೆಯೂ ಬದಲಾಗುತ್ತದೆ. ಮೊದಲ ವರ್ಷದ ಗಂಟುಗಳು ಹಳೆಯ ಊರಿನ ಹಾಡುಗಾರ್ತಿಯನ್ನೇ ಕೇಳುತ್ತವೆ, ತಮ್ಮನ್ನು ಕಟ್ಟಿದಾಗಿನ ಸಂಖ್ಯೆಯನ್ನೂ ಕೇಳುತ್ತವೆ. ಆ ಹಳೆಯ ಕ್ಲಾಸ್ ಈಗ ಎಲ್ಲೂ ಇಲ್ಲ. ನೆನಪಿನಿಂದ ಮತ್ತೆ ಬರೆದಿದ್ದೇನೆ, ಇದರ ಜೊತೆಗಿದೆ. ಹೆಸರು, ಊರು, ವಯಸ್ಸು, ದನಿ. ಆಗ ಇದ್ದದ್ದು ಅಷ್ಟೇ. ನೀನು ಕಳಿಸಿದ ಎರಡು ಸಂಖ್ಯೆಗಳಲ್ಲಿ ಮೊದಲನೆಯದು ಹಾಡು ಕೇಳುತ್ತಿರುವುದು. ಅದನ್ನೇ ಈ ಕ್ಲಾಸಿನಲ್ಲಿ ಬರೆದಿದ್ದೇನೆ. ಬಿಚ್ಚಿಕೊಂಡ ಮೇಲೆ ಒಳಗಿರುವುದನ್ನು ಹೊಸ ಹಾಡುಗಾರ್ತಿಗೆ ಸುರಿದುಕೊ.

ಅವ್ವಗೆ ಲಕ್ವ ಹೊಡೆದು ಎರಡು ವರ್ಷ ಆಯಿತು. ಸಭೆ ನಡೆದ ವಾರವೇ. ಬಲಗೈ, ಬಲಗಾಲು, ಮಾತು. ದಾವಣಗೆರೆಯಲ್ಲಿ ಬಹಳ ದಿನ ಇದ್ದೆವು. ಕಾಲು ಅಷ್ಟೋ ಇಷ್ಟೋ ಬಂತು, ಹಿಡಿದುಕೊಂಡರೆ ಅಂಗಳದವರೆಗೆ ನಡೆಯುತ್ತಾಳೆ. ಮಾತು ಬರಲಿಲ್ಲ. ನಾವು ಹೇಳುವುದೆಲ್ಲ ಅವಳಿಗೆ ತಿಳಿಯುತ್ತದೆ. ಬಾಯಿ ತೆರೆಯುತ್ತಾಳೆ, ಆಮೇಲೆ ಮುಚ್ಚಿಕೊಂಡು ನನ್ನ ಮುಖ ನೋಡುತ್ತಾಳೆ. ಆ ನೋಟ ನನ್ನ ಕೈಲಿ ನೋಡಾಕೆ ಆಗಲ್ಲ ಕಣೆ.

ನಿನಗೆ ತಿಳಿಸಬಹುದಿತ್ತು. ನೀನೂ ಕೇಳಬಹುದಿತ್ತು. ಇರಲಿ.

ನೀನು ಬರೆದ ಆ ಮೂರು ಸಾಲನ್ನು ನಾನು ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು ಓದಿದೆ. ಜೋರಾಗಿ ಓದಿದರೆ ಅವ್ವಗೆ ಕೇಳಿಸುತ್ತದೆ ಎಂದು. ಅವಳ ದನಿ ಸಿಕ್ಕರೆ ಸಂತೋಷವೋ, ಅವಳಿಗೆ ಇನ್ನೂ ಸಂಕಟವೋ, ನನಗೆ ಗೊತ್ತಿಲ್ಲ. ಆದರೂ ಬಿಚ್ಚು.

ಅನ್ನಿ

~

ನ್ಯಾಮತಿ
30 ಸೆಪ್ಟೆಂಬರ್ 2024

ಅನ್ನೀ,

ನಿನ್ನ ಕಾಗದ ಬಂದು ಬಹಳ ದಿನ ಆಯ್ತು. ಬರೆದು ಬರೆದು ಹರಿದೆ.

ಬಿಚ್ಚಿಕೊಂತು. ಹೆಸರು ಉಚ್ಚಂಗೆಮ್ಮ, ಊರು ಬಿಳಿಚೋಡು ಅಂತ ಪರದೆ ಮೇಲೆ ಬಂತು. ಕಲ್ಲು ತಿರುಗೋ ಸದ್ದು ಶುರುವಾಯ್ತು. ಅವ್ವ ಉಸಿರು ತಗೊಂಡಿದ್ದು ಕೇಳಿಸ್ತು. ಅಲ್ಲಿಗೇ ನಿಲ್ಲಿಸಿದೆ. ಮೊದಲು ಕೇಳಬೇಕಾದವಳು ನಾನಲ್ಲ.

ಬಿಳಿಚೋಡಿನ ಹಾಡನ್ನ ಲೈನಿಗೆ ಇನ್ನೂ ಹಾಕಿಲ್ಲ. ಹಾಕು ಅಂದರೆ ಹಾಕ್ತೀನಿ. ಬೇಡ ಅಂದರೆ ಬಳಗದವರು ಏನಂದರೂ ಹಾಕಲ್ಲ. ಅವತ್ತಿನಂಗೆ ಸುಮ್ಮನೆ ಕೂರಲ್ಲ, ಈ ಸಲ ಸಭೆಯಲ್ಲಿ ನಾನು ಬಾಯಿ ಬಿಡ್ತೀನಿ.

ನಿಮ್ಮ ರಮ್ಯಿ

~

ಬಿಳಿಚೋಡು
7 ಅಕ್ಟೋಬರ್ 2024

ರಮ್ಯಾ,

ಕಳಿಸಬೇಡ, ತಗೊಂಡು ಬಾ. ದಾವಣಗೆರೆಯಲ್ಲಿ ಜಗಳೂರು ಬಸ್ ಹತ್ತು. ಸ್ಟಾಪಿನಲ್ಲಿ ಇರ್ತೀನಿ.

ಅನ್ನಿ

~

ನ್ಯಾಮತಿ
21 ಅಕ್ಟೋಬರ್ 2024

ಅನ್ನೀ,

ಬಂದು ತಪ್ಪು ಮಾಡಿದೆನೇನೋ ಅಂತ ಆವತ್ತಿಂದ ಕೊರೀತೈತೆ.

ಅವ್ವ ನನ್ನ ಗುರುತು ಹಿಡಿದು ಎಡಗೈಯಲ್ಲಿ ನನ್ನ ಅಂಗೈ ಸವರಿದಾಗ ಎಷ್ಟು ಖುಷಿಯಾಯ್ತು. ಆದರೆ ಹಾಡು ಶುರುವಾದ ಕೂಡಲೇ ಗೋಡೆ ಕಡೆ ತಿರುಗಿಬಿಟ್ಟರು. ಮುಗಿದರೂ ತಿರುಗಲಿಲ್ಲ. ನೀನು ರೊಟ್ಟಿ ಬಡಿಯಾಕೆ ಒಳಗೆ ಹೋದೆ, ಹಿಟ್ಟು ಕಲಸೋ ಸದ್ದು ಬರಲೇ ಇಲ್ಲ. ನಾನು ಹೊರಗೆ ಕೂತು ಆ ಪುಟ್ಟ ಸ್ಪೀಕರನ್ನ ಏನು ಮಾಡೋದು ತಿಳೀದೆ ಸೆರಗಲ್ಲಿ ಮುಚ್ಚಿಟ್ಟಿದ್ದೆ. ಆಮೇಲೆ ಕಿಟಕಿಯಲ್ಲಿ ಬಿಟ್ಟು ಬಂದೆ. ಬೇಡ ಅಂದರೆ ಅಟ್ಟಕ್ಕೆ ಹಾಕು.

ಬಸ್ ಬರೋವರೆಗೆ ನಾವು ಒಂದೇ ಕಲ್ಲಿನ ಮೇಲೆ ಕೂತಿದ್ವಿ. ಹೇಳೋದು ಬಹಳ ಇತ್ತು. ಮೆಕ್ಕೆಜೋಳದ ರೇಟು, ಹೊಸ ಬಸ್ ಸ್ಟ್ಯಾಂಡು, ಇವೇ ಮಾತಾಡಿದ್ವಿ. ಆದರೂ ನಿನ್ನ ಪಕ್ಕ ಕೂತಿದ್ದೆನಲ್ಲ.

ಹಬ್ಬಕ್ಕೆ ಅವ್ವಗೆ ಒಂದು ನೂಲಿನ ಸೀರೆ ಕಳಿಸ್ತಿದೀನಿ.

ರಮ್ಯಿ

~

ಬಿಳಿಚೋಡು
12 ನವೆಂಬರ್ 2024

ರಮ್ಯಿ,

ಸೀರೆ ಬಂತು, ಅವ್ವ ಉಟ್ಟಳು. ಈಗ ನಾನು ಹೇಳೋದನ್ನ ಕೂತ್ಕೊಂಡು ಓದು.

ನೀನು ಹೋದ ಮೇಲೆ ನಾನು ಸ್ಪೀಕರ್ ಮುಟ್ಟಲಿಲ್ಲ. ಅವ್ವನೂ ಅದರ ಕಡೆ ನೋಡಲಿಲ್ಲ. ಹಬ್ಬದ ಮಾರನೇ ದಿನ ಕಲ್ಲಮ್ಮತ್ತೆ ಹೋಳಿಗೆ ತಗೊಂಡು ಬಂದಳು. ‘ನಿನ್ನ ಗೆಳತಿ ಏನೋ ತಂದಿದ್ಳಂತೆ, ಹಾಕು ನೋಡಾನ’ ಅಂದಳು. ಬೇಡ ಅತ್ತೆ ಅಂದೆ. ಕೇಳುವವಳಾ? ತಾನೇ ಗುಂಡಿ ಒತ್ತಿದಳು. ಅವ್ವ ಮಂಚದ ಮೇಲೆ ಗೋಡೆ ಕಡೆ ತಿರುಗಿದಳು.

ಅತ್ತೆ ಗಲ್ಲಕ್ಕೆ ಕೈ ಕೊಟ್ಟು ಪೂರ್ತಿ ಕೇಳಿದಳು. ಮುಗಿದ ಕೂಡಲೇ, ‘ನನ್ನ ನುಡಿ ಎಲ್ಲಿ?’ ಅಂದಳು.

‘ಯಾವ ನುಡಿ ಅತ್ತೆ?’

‘ನಾದಿನಿ ನುಡಿ. ಮದುವೆ ಆಗಿ ಬಂದಾಗಿಂದ ನನ್ನ ಬೈಯಾಕೆ ಅಂತಲೇ ಹಾಡ್ತಿದ್ದಳು. ಅವತ್ತು ನಾನು ಎದುರಿಗೆ ಕೂತಿದ್ದೆ ಅಂತ ನುಂಗಿಬಿಟ್ಟವಳೆ.’ ಆಮೇಲೆ ಹೋಳಿಗೆ ಮುರೀತಾ, ‘ಇಲ್ಲ ಅಂದ್ರೆ ಮರೆತಿದ್ದಳೋ ಏನೋ. ಆ ನುಡಿ ಎಂದೂ ಸರಿಯಾಗಿ ಬರ್ತಿರಲಿಲ್ಲ ಬಿಡು ಅವಳಿಗೆ’ ಅಂದಳು.

ಮಂಚ ಧಡ್ ಅಂತು. ಅವ್ವ ಎಡಗೈಯಲ್ಲಿ ಗುದ್ದಿದ್ದಳು. ಈ ಕಡೆ ತಿರುಗಿದ್ದಳು, ಕಣ್ಣು ಕೆಂಪಗಾಗಿತ್ತು. ಗಂಟಲಿಂದ ಏನೋ ಸದ್ದು ಹೊರಟಿತು. ಸಿಟ್ಟಿನ ಸದ್ದು ಅಂದ್ಕೊಂಡೆ. ಅದು ನಿಲ್ಲಲಿಲ್ಲ. ಏರಿತು, ಇಳಿಯಿತು, ಎಳೆಯಿತು. ರಮ್ಯಿ, ಅದು ರಾಗ. ಮಾತಿಲ್ಲ, ಬರೀ ರಾಗ, ಒಂದು ಎಳೆಯೂ ತಪ್ಪದೆ. ಅತ್ತೆ ಹೋಳಿಗೆ ಕೈಲಿ ಹಿಡಿದೇ ಎದ್ದು ನಿಂತಳು. ಅವ್ವ ಎರಡನೇ ಸಲ ಎತ್ತಿಕೊಂಡಾಗ ಅತ್ತೆ ಮಾತು ಕೂಡಿಸಿದಳು, ತನ್ನನ್ನೇ ಬೈಯೋ ಮಾತು.

ಅತ್ತಿಗೆ ಬೀಸುವಾಗ ನಾದಿನಿ ಮಲಗ್ಯಾಳೆ
ಹೊತ್ತೇರಿ ಎದ್ದು ಮುಖ ತೊಳೆದು – ಕೇಳ್ಯಾಳೆ
ಬುತ್ತಿ ಯಾಕಿನ್ನೂ ಕಟ್ಟಿಲ್ಲ

ನಾನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ. ಎರಡು ವರ್ಷದಿಂದ ಮನೇಲಿ ನಾನೊಬ್ಬಳೇ ಮಾತಾಡ್ತಿದ್ದೆ.

ಅತ್ತೆ ಈಗ ದಿನಾ ಮಧ್ಯಾಹ್ನ ಬರ್ತಾಳೆ. ಇಬ್ಬರೂ ಕೂತರೆ ನನಗೆ ಮನೇಲಿ ಜಾಗ ಇಲ್ಲ. ಮಾತು ವಾಪಸ್ ಬರ್ತದೆ ಅಂತ ನಾನು ಹೇಳ್ತಿಲ್ಲ, ಡಾಕ್ಟರೂ ಹೇಳಿಲ್ಲ. ಮೊನ್ನೆ ಹಾಡೋವಾಗ ‘ಬುತ್ತಿ’ ಅಂದಂಗಾಯ್ತು. ಹಾಡು ನಿಲ್ಲಿಸಿದರೆ ಅದೂ ಇಲ್ಲ. ಆದರೂ ನಾನು ಕೇಳಿದೆ, ಅತ್ತೆಯೂ ಕೇಳಿದಳು.

ಇನ್ನು ನೀನು ಬೇಜಾರು ಮಾಡ್ಕೋಬೇಡ. ನಾವು ಇಷ್ಟು ತಿಂಗಳು ಒದ್ದಾಡಿ ತೆಗೆದ ಹಾಡನ್ನ ಅವ್ವ ಒಪ್ಪಲಿಲ್ಲ. ಹಾಕಿದರೆ ಸಾಕು, ಬಂದ್ ಮಾಡು ಅಂತ ಕೈ ಬೀಸ್ತಾಳೆ. ಒಂದು ನುಡಿ ಬಿಟ್ಟ ಹಾಡು ಊರವರಿಗೆಲ್ಲ ಕೇಳಿಸೋದು ಅವಳಿಗೆ ಸುತರಾಂ ಇಷ್ಟ ಇಲ್ಲ. ಆ ಹಳೇದು ಲೈನಿಗೆ ಬೇಡ, ಜೋಪಾನವಾಗಿ ಇಟ್ಟಿರು, ನನಗೆ ಬೇಕು. ನೀನು ರೆಕಾರ್ಡರ್ ತಗೊಂಡು ಬಾ. ಈ ಸಲ ಎರಡು ದಿನ ಉಳಿಯೋ ಹಂಗೆ ಬಾ, ಮೆಕ್ಕೆಜೋಳದ ಮಾತು ಬಿಟ್ಟು ಬೇರೆ ಮಾತಾಡೋಣ.

ಹಾಡುಗಾರ್ತಿ ಕ್ಲಾಸಿನಲ್ಲಿ ಒಬ್ಬರ ಹೆಸರಿಗೆ ಮಾತ್ರ ಜಾಗ ಇಟ್ಟಿದ್ದೆ. ಅದನ್ನ ಇಬ್ಬರಿಗೆ ಆಗೋ ಹಂಗೆ ಬದಲಾಯಿಸಾಕೆ ಕೂತಿದೀನಿ. ಬೇಗ ಬಾ. ಯಾರ ಹೆಸರು ಮೊದಲು ಬರಬೇಕು ಅಂತ ಅತ್ತಿಗೆ ನಾದಿನಿ ಜಗಳಕ್ಕೆ ಬಿದ್ದಿದಾರೆ. ಒಬ್ಬಳಿಗೆ ಮಾತೇ ಇಲ್ಲ. ಆದರೂ ಗೆಲ್ತಾ ಇರೋದು ಅವಳೇ.

ನಿನ್ನ
ಅನ್ನಿ